ಕಾರವಾರ–ಅಂಕೋಲಾ ದಾರಿಯ ಶೂನ್ಯ ಟಿಕೆಟ್

ಕಾರವಾರವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಡಲ ಕಿನಾರೆ. ಕವಿ ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಆಸುಪಾಸಿನ ಟಾಗೋರರು ಅಣ್ಣನ ಮನೆಗೆ ಬಂದು ಕೆಲಕಾಲ ಉಳಿದಿದ್ದರು. ಆ ನೆನಪಿಗೆ ಕಿನಾರೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ಬೈತಖೋಲ್ ಬಂದರು, ಬೆನ್ನಿಗೆ ಹಸಿರು ಗುಡ್ಡ, ಎದುರಿಗೆ ನಡುಗಡ್ಡೆಗಳು. ನೋಡಲು ಬಂದವರು ಇಷ್ಟನ್ನು ನೋಡಿ, ಮೀನಿನ ಊಟ ಮಾಡಿ, ಸಂಜೆಯ ಸೂರ್ಯನ ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ.

ಆದರೆ ಒಂದು ಊರಿನ ಜನಜೀವನವನ್ನು ಅರಿಯಬೇಕಿದ್ದರೆ ಅಲ್ಲಿಯ ಬಸ್ಸಿನಲ್ಲಿ ಕೂರಬೇಕು. ಕಳೆದ ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಕಾರವಾರದ ಸಂಬಂಧಿಕರ ಮನೆಯಲ್ಲಿದ್ದೆ. ಅಂಕೋಲಾದಲ್ಲಿಯೂ ಮುಗಿಸಬೇಕಾದ ಕೆಲವು ಕೆಲಸಗಳಿದ್ದುದರಿಂದ ಆ ದಾರಿಯಲ್ಲಿ ಆರೇಳು ಬಾರಿ ಓಡಾಡಿದೆ. ಎರಡು ಊರುಗಳ ನಡುವೆ ಸುಮಾರು 35 ಕಿಲೋಮೀಟರ್. ಅಷ್ಟರೊಳಗೆ ನಾನು ಕಂಡದ್ದನ್ನೂ ಕೇಳಿದ್ದನ್ನೂ ಓದುಗ ಸಹೋದರಿಯರ ಮುಂದಿಡುತ್ತಿದ್ದೇನೆ. ಯಾಕೆಂದರೆ ಇದು ಬಡವರ ಪ್ರಯಾಣದ ಪ್ರಶ್ನೆ. ಅದರಲ್ಲೂ ಹೆಣ್ಣುಮಕ್ಕಳ ಪ್ರಯಾಣದ ಪ್ರಶ್ನೆ.

ಕಂಡಕ್ಟರ್ ಕೊಡುವ ಚೀಟಿ

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ನಾಲ್ಕು ಸರಕಾರಿ ಸಾರಿಗೆ ನಿಗಮಗಳ ಸಾಮಾನ್ಯ, ನಗರ ಮತ್ತು ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ಎಲ್ಲ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರಯಾಣ ಉಚಿತ. ರಾಜಹಂಸ, ಐರಾವತ, ಸ್ಲೀಪರ್ ಮುಂತಾದ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ನಾವು ಎಲ್ಲಿ ಹತ್ತಿದೆವು, ಎಲ್ಲಿ ಇಳಿಯುತ್ತೇವೆ ಎಂಬುದು ಅವರ ಕೈಯಲ್ಲಿರುವ ಯಂತ್ರದಲ್ಲಿ ದಾಖಲಾಗುತ್ತದೆ. ಆ ಲೆಕ್ಕದ ಮೇಲೆ ಸರಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. ಆದ್ದರಿಂದ ಆ ಟಿಕೆಟ್ಟನ್ನು ಕೇಳಿ ಪಡೆಯುವುದು ನಮ್ಮ ಜವಾಬ್ದಾರಿ. 'ಫ್ರೀ ತಾನೇ' ಎಂದು ಸುಮ್ಮನೆ ಕೂತರೆ ನಿಗಮಕ್ಕೆ ನಷ್ಟ.

ಉತ್ತರ ಕನ್ನಡದ ಬಸ್ಸುಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದವು. 1997ರಲ್ಲಿ ಕೆ.ಎಸ್.ಆರ್.ಟಿ.ಸಿ.ಯಿಂದ ಬೇರೆಯಾಗಿ ರೂಪುಗೊಂಡ ನಿಗಮವಿದು. ಕಾರವಾರದಲ್ಲೂ ಅಂಕೋಲಾದಲ್ಲೂ ಅದರ ಡಿಪೋಗಳಿವೆ. ದಕ್ಷಿಣ ಕನ್ನಡ ಮತ್ತು ಉಡುಪಿಯ ಓದುಗರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಕಡೆ ಅನೇಕ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಹಾಗಾಗಿ ಶಕ್ತಿ ಯೋಜನೆಯ ಹೆಸರು ಕೇಳಿದಷ್ಟು ಅದರ ಪ್ರಯೋಜನ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕಿಲ್ಲ. ಉತ್ತರ ಕನ್ನಡದಲ್ಲಿ ಹಾಗಲ್ಲ. ಅಲ್ಲಿ ಬಸ್ಸೆಂದರೆ ಹೆಚ್ಚಾಗಿ ಸರಕಾರಿ ಬಸ್ಸೇ. ಒಂದು ಬಡ ಮನೆಯ ಮೇಲೆ ಬಸ್ ಪ್ರಯಾಣದ ಖರ್ಚು ಎಷ್ಟು ಭಾರವಾಗಿತ್ತು ಎಂಬುದು ತಿಳಿಯಬೇಕಾದರೆ ಇಲ್ಲಿಗೇ ಬರಬೇಕು.

ಬಿಣಗಾದಿಂದ ಹಾರವಾಡದವರೆಗೆ

ಕಾರವಾರ ಬಿಟ್ಟ ಬಸ್ಸು ಗುಡ್ಡ ದಾಟಿ ಬಿಣಗಾಕ್ಕೆ ಬರುತ್ತದೆ. ಅದರಾಚೆ ಅರ್ಗಾ. ಅಲ್ಲಿ ರಸ್ತೆಯ ಪಶ್ಚಿಮಕ್ಕೆ ಉದ್ದಕ್ಕೂ ಗೋಡೆ, ತಂತಿಬೇಲಿ, ಕಾವಲು. ಅದು ಸೀಬರ್ಡ್ ನೌಕಾನೆಲೆ. 1986ರಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಯೋಜನೆ. 2005ರ ಮೇ ತಿಂಗಳಲ್ಲಿ ಐ.ಎನ್.ಎಸ್. ಕದಂಬ ಎಂಬ ಹೆಸರಿನಲ್ಲಿ ನೌಕಾಪಡೆಯ ಸೇವೆಗೆ ಸೇರಿತು. ದೇಶದ ರಕ್ಷಣೆಗಾಗಿ ಕರಾವಳಿಯ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಇಳಿಸುವ ಕಿನಾರೆ ಬಿಟ್ಟು ಎದ್ದವು. ತೋಡೂರು, ಅಮದಳ್ಳಿ, ಮುದಗಾ, ಹಾರವಾಡ ಕಡೆಗಳಲ್ಲಿ ಅವರಿಗೆ ಕಾಲೋನಿಗಳಾದವು.

ಹೊಸ ಜಾಗಕ್ಕೆ ಹೋದ ಮೇಲೆ ಮನೆಯ ಲೆಕ್ಕಾಚಾರವೇ ಬದಲಾಗಿಬಿಡುತ್ತದೆ. ಮೊದಲು ಕಾಲ್ನಡಿಗೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಬಸ್ಸು ಬೇಕು. ಕಡಲ ಮೇಲೆ ಬದುಕಿದ ಕುಟುಂಬದ ಹೆಂಗಸು ಮನೆಗೆಲಸಕ್ಕೋ ಅಂಗಡಿಯ ಕೆಲಸಕ್ಕೋ ಕಾರವಾರಕ್ಕೆ ಹೋಗಬೇಕು. ಕೂಲಿ ದಿನಕ್ಕೆ ಇಷ್ಟು ಎಂದು ಗೊತ್ತಾದಾಗ ಅದರಲ್ಲಿ ಬಸ್ಸಿಗೆಷ್ಟು ಎಂಬುದನ್ನು ಕಳೆದೇ ಆಕೆ ಒಪ್ಪಿಕೊಳ್ಳುತ್ತಿದ್ದಳು.

ಅಮದಳ್ಳಿಯಲ್ಲಿ ಹತ್ತಿದ ಐವತ್ತು ದಾಟಿದ ಹೆಂಗಸೊಬ್ಬರು ನನ್ನ ಪಕ್ಕದಲ್ಲಿ ಕೂತರು. ನಾನು ಶಿಕ್ಷಕಿ ಎಂದು ತಿಳಿದ ಮೇಲೆ "ಅಕ್ಕೋರೇ" ಎಂದೇ ಮಾತಾಡಿಸಿದರು. ಆ ಕಡೆ ಶಾಲೆಯ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ಎರಡು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಕೆಲಸ ಅವರದು.

"ಮೊದ್ಲು ಒಂದು ಮನಿ ಕೆಲ್ಸ ಮುಗ್ಸಿ ನಡ್ಕಂಡೇ ವಾಪಸ್ ಬತ್ತಿದ್ದೆ ಅಕ್ಕೋರೇ. ಎರಡು ಸಲ ಬಸ್ಸಿಗೆ ಕೊಟ್ರೆ ಉಳೂದೇನು? ಈಗ ಎರಡು ಮನಿ ಹಿಡ್ದಿದೆ. ಹೋಗುಕೆ ಬರುಕೆ ದುಡ್ಡಿಲ್ಲ ಅಲ್ವಾ" ಎಂದರು.

ಉಳಿದ ದುಡ್ಡನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕರು. "ಉಳೂದು ಅಂದ್ರೆ ಕೈಯಲ್ಲಿ ಕಾಣೂದಿಲ್ಲ. ಮೊಮ್ಮಗನಿಗೆ ಬಿಸ್ಕಿಟು, ಮನಿಗೆ ಎಣ್ಣೆ. ಅಂಗಡಿ ಸಾಲ ಕಮ್ಮಿಯಾಯ್ತು, ಅಷ್ಟೇ."

ಸರಕಾರದ ಕಡತದಲ್ಲಿ ಉಳಿತಾಯ ಎಂದು ಬರೆಯುವುದು ಬಡವರ ಮನೆಯಲ್ಲಿ ಕಾಣುವುದು ಹೀಗೆ, ಅಂಗಡಿಯ ಸಾಲದ ಪುಸ್ತಕದಲ್ಲಿ.

ಇಪ್ಪತ್ತೈದು ರೂಪಾಯಿಯ ಲೆಕ್ಕ

ಯೋಜನೆ ಬಂದಾಗ ಅನೇಕರು ಗೇಲಿ ಮಾಡಿದರು. ಹೆಂಗಸರು ಮನೆ ಬಿಟ್ಟು ಊರೂರು ಸುತ್ತುತ್ತಾರೆ, ಯಾತ್ರಾಸ್ಥಳಗಳೆಲ್ಲ ತುಂಬಿಹೋಗಿವೆ ಎಂದರು. ಮೊದಲ ತಿಂಗಳುಗಳಲ್ಲಿ ಅಂತಹ ದಟ್ಟಣೆ ಇದ್ದದ್ದು ನಿಜ. ವರ್ಷಗಟ್ಟಲೆ ಹೊಸ್ತಿಲು ದಾಟದವರು ಒಮ್ಮೆ ಹೊರಟರೆ ಅದರಲ್ಲಿ ತಪ್ಪೇನು ಎಂಬುದು ಬೇರೆ ಮಾತು. ಆದರೆ ಈಗ ಅಂಕಿಅಂಶ ನಮ್ಮ ಮುಂದಿದೆ. 2025ರ ಜುಲೈ ತಿಂಗಳ ಮಧ್ಯದ ಹೊತ್ತಿಗೆ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಅವುಗಳ ಒಟ್ಟು ಮೌಲ್ಯ 12 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿತ್ತು. ನಮ್ಮ ಮಕ್ಕಳಿಗೆ ಕಲಿಸುವ ಭಾಗಾಕಾರವನ್ನೇ ಮಾಡಿ ನೋಡಿ: ಒಂದು ಪ್ರಯಾಣಕ್ಕೆ ಸರಾಸರಿ ಸುಮಾರು 25 ರೂಪಾಯಿ. ಬೆಂಗಳೂರಿನಂತಹ ನಗರಗಳ ಸಣ್ಣ ಪ್ರಯಾಣಗಳೂ ಇದರಲ್ಲಿ ಸೇರಿವೆ, ನಿಜ. ಆದರೂ ಊರೂರು ಸುತ್ತುವವರ ಟಿಕೆಟ್ ಅಷ್ಟು ಕಡಿಮೆಯಿರಲು ಸಾಧ್ಯವಿಲ್ಲ. ಇದು ಕೆಲಸಕ್ಕೆ, ಆಸ್ಪತ್ರೆಗೆ, ಸಂತೆಗೆ, ಶಾಲೆಗೆ, ತವರಿಗೆ ಹೋಗಿ ಬರುವವರ ಟಿಕೆಟ್.

ತಮಿಳುನಾಡಿನಲ್ಲಿ 2021ರ ಮೇ ತಿಂಗಳಿನಿಂದ ಸಾಮಾನ್ಯ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಅಲ್ಲಿಯ ರಾಜ್ಯ ಯೋಜನಾ ಆಯೋಗ ಅದರ ಬಗ್ಗೆ ಅಧ್ಯಯನ ಮಾಡಿಸಿದಾಗ ಒಬ್ಬ ಮಹಿಳೆಗೆ ತಿಂಗಳಿಗೆ ಸರಾಸರಿ 888 ರೂಪಾಯಿ ಉಳಿಯುತ್ತಿದೆ ಎಂದು ಕಂಡುಬಂತು. ಸ್ಥಿತಿವಂತರಿಗೆ ಅದು ಒಂದು ಹೊತ್ತಿನ ಹೋಟೆಲ್ ಊಟ. ಅಮದಳ್ಳಿಯ ಆ ತಾಯಿಯಂತಹವರಿಗೆ ತಿಂಗಳ ಎಣ್ಣೆ, ಬೇಳೆ.

ಪಕ್ಕದಲ್ಲಿ ನಿಂತವರು

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ನಾನು ತಿಂಗಳ ಸಂಬಳ ಪಡೆಯುವವಳು. ನನಗೂ ಶೂನ್ಯ ಟಿಕೆಟ್ ಸಿಕ್ಕಿತು. ಅದೇ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದ ಗಾರೆ ಕೆಲಸದ ವ್ಯಕ್ತಿ ಜೇಬಿನಿಂದ ಮಡಚಿದ ನೋಟು ತೆಗೆದು ಪೂರ್ತಿ ಹಣ ಕೊಟ್ಟರು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿದಾಗ ಅದರ ಬಿಸಿ ತಟ್ಟಿದ್ದು ಇಂತಹವರಿಗೆ. ಅರುವತ್ತು ದಾಟಿದ ಗಂಡಸರಿಗೆ ಟಿಕೆಟ್ಟಿನಲ್ಲಿ ಶೇಕಡಾ 25 ರಿಯಾಯಿತಿ ಇದೆ. ಕೂಲಿ ಮಾಡುವ ನಲವತ್ತರ ಗಂಡಸಿಗೆ ಏನೂ ಇಲ್ಲ.

ನರ್ಸಿಂಗ್ ಕಲಿಯುತ್ತಿದ್ದ, ಬುರ್ಖಾ ಧರಿಸಿದ್ದ ಹುಡುಗಿಯೊಬ್ಬಳು ಅವರ್ಸಾದ ಹತ್ತಿರ ಬಸ್ಸು ಹತ್ತಿದಳು. ನನ್ನನ್ನು ನೋಡಿ ಸಲಾಂ ಹೇಳಿ ಪಕ್ಕಕ್ಕೆ ಬಂದಳು. ತಂದೆ ಗಾಡಿಯಲ್ಲಿ ಹಣ್ಣು ಮಾರುತ್ತಾರಂತೆ. "ನನ್ನ ಓದು ನಿಲ್ಲಿಸಬೇಕು ಎಂಬ ಮಾತು ಮನೆಯಲ್ಲಿ ಬಂದಿತ್ತು ಆಪಾ. ಬಸ್ಸಿನ ಖರ್ಚಿಲ್ಲ ಎಂದಾದ ಮೇಲೆ ಅಬ್ಬಾ ಸುಮ್ಮನಾದರು. ಈಗ ತಮ್ಮನ ಪಾಸಿಗೆ ಮಾತ್ರ ದುಡ್ಡು ಹೊಂದಿಸಬೇಕು" ಎಂದಳು. ಹಿಂದೆ ಎಷ್ಟೋ ಮನೆಗಳಲ್ಲಿ ಹಣ ಒಬ್ಬರಿಗೆ ಮಾತ್ರ ಸಾಲುವಂತಿದ್ದರೆ ಅದು ಮಗನ ಪಾಲಾಗುತ್ತಿತ್ತು. ಮಗಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಮಗಳ ಟಿಕೆಟ್ ಶೂನ್ಯವಾದಾಗ ಆ ತಕ್ಕಡಿ ಸ್ವಲ್ಪ ಸಮವಾಯಿತು. ಹಾಗೆಂದು ಹಣ್ಣಿನ ಗಾಡಿಯ ಆ ತಂದೆ ಪ್ರತಿದಿನ ಕೊಡುವ ಹಣ ಕಡಿಮೆಯಾಗಲಿಲ್ಲ.

ಹಾಗಾದರೆ ಗಂಡು ಹೆಣ್ಣು ಎಂದು ನೋಡದೆ ಬಡವರಿಗೆ ಮಾತ್ರ ರಿಯಾಯಿತಿ ಕೊಡಬಾರದೇ? ಮೇಲ್ನೋಟಕ್ಕೆ ಇದು ನ್ಯಾಯವಾದ ಮಾತು. ನಮ್ಮ ದೇಶದಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. 2009ರಲ್ಲಿ ಮಮತಾ ಬ್ಯಾನರ್ಜಿ ರೈಲ್ವೆ ಸಚಿವೆಯಾಗಿದ್ದಾಗ 'ಇಜ್ಜತ್' ಎಂಬ ಮಾಸಿಕ ಪಾಸ್ ತಂದರು. ತಿಂಗಳಿಗೆ 25 ರೂಪಾಯಿ ಕೊಟ್ಟರೆ 100 ಕಿಲೋಮೀಟರ್ ದೂರದವರೆಗೆ ರೈಲಿನಲ್ಲಿ ತಿಂಗಳಿಡೀ ಓಡಾಡಬಹುದಿತ್ತು. ಹೆಸರೇ ಗೌರವ. ಆದರೆ ಅದನ್ನು ಪಡೆಯಲು ತಿಂಗಳ ಆದಾಯ 1500 ರೂಪಾಯಿ ಮೀರಬಾರದು ಎಂಬ ಷರತ್ತಿತ್ತು. ಅಂದರೆ ದಿನಕ್ಕೆ 50 ರೂಪಾಯಿ. ಅದಕ್ಕೆ ಜಿಲ್ಲಾಧಿಕಾರಿ ಅಥವಾ ಸಂಸದರಂತಹವರಿಂದ ಪ್ರಮಾಣಪತ್ರ ಬೇಕಿತ್ತು. ದಿನಗೂಲಿಯ ಹೆಂಗಸು ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಹಣ ಕೊಟ್ಟು, ಕಚೇರಿಯ ಬಾಗಿಲಲ್ಲಿ ಕಾದು, ತಾನು ಬಡವಳೆಂದು ಬರೆಸಿಕೊಂಡು ಬರಬೇಕು. ಅರ್ಜಿ ತುಂಬಲು ಬಾರದವಳು ಅಲ್ಲಿಗೇ ನಿಂತಳು.

ಕೈಚಾಚದ ಬಡವರನ್ನು ಹುಡುಕಿ, ಅವರ ಮಾನಕ್ಕೆ ಕುಂದು ಬಾರದಂತೆ ಹಕ್ಕನ್ನು ತಲುಪಿಸಬೇಕು ಎಂದು ಮದ್ರಸಾದಲ್ಲಿ ಝಕಾತ್‌ನ ಪಾಠ ಮಾಡುವಾಗ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಬಸ್ಸಿನ ರಿಯಾಯಿತಿಗೂ ಅದೇ ಮಾತು ಸಲ್ಲುತ್ತದೆ. ಶಕ್ತಿಯ ಶೂನ್ಯ ಟಿಕೆಟ್ಟಿನ ದೊಡ್ಡ ಗುಣ ಇದು: ಬಸ್ಸಿನಲ್ಲಿ ಯಾರೂ ಯಾರಿಗೂ ತನ್ನ ಬಡತನವನ್ನು ಸಾಬೀತು ಮಾಡಬೇಕಾಗಿಲ್ಲ. ಸಂಬಳದ ಶಿಕ್ಷಕಿಯ ಕೈಯಲ್ಲೂ ಪಾತ್ರೆ ತೊಳೆಯುವ ತಾಯಿಯ ಕೈಯಲ್ಲೂ ಒಂದೇ ಬಗೆಯ ಚೀಟಿ. ದೊಡ್ಡ ಕೊರತೆಯೂ ಅಲ್ಲೇ ಇದೆ: ಬಡ ಗಂಡಸನ್ನು ಅದು ನೋಡುವುದೇ ಇಲ್ಲ.

ಅಂಕೋಲಾದ ಪೇಟೆಯಲ್ಲಿ

ಹಟ್ಟಿಕೇರಿಯ ಟೋಲ್ ದಾಟಿದರೆ ಅಂಕೋಲಾ. ನಾನು ಹೋದದ್ದು ಈಶಾಡ ಮಾವಿನ ಕಾಲ. ತೆಳು ಸಿಪ್ಪೆಯ, ಬಲು ಸಿಹಿಯಾದ ಹಣ್ಣು. ಅಂಕೋಲಾದ ಕರಿ ಈಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಪೇಟೆಯ ಬದಿಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿಯಿಟ್ಟುಕೊಂಡು ಕೂತಿರುತ್ತಾರೆ. ಕೊರಳ ತುಂಬ ಕರಿಮಣಿಯ ಸರಗಳು, ಮುಂದೆ ಮಾವು, ಬಸಳೆ, ಹರಿವೆ, ಹೂವು. ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ, ಸಾವಿರಾರು ಗಿಡಗಳನ್ನು ಬೆಳೆಸಿದ ತುಳಸಿ ಗೌಡರೂ ಇದೇ ತಾಲೂಕಿನ ಹಾಲಕ್ಕಿ ಮನೆಗಳವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2021ರಲ್ಲಿ ರಾಷ್ಟ್ರಪತಿ ಭವನದೊಳಗೆ ಬರಿಗಾಲಲ್ಲಿ ನಡೆದುಹೋದ ತುಳಸಿ ಗೌಡರ ಚಿತ್ರವನ್ನು ದೇಶವೆಲ್ಲ ನೋಡಿತು.

ಬುಟ್ಟಿಯೊಂದಿಗೆ ಕೂತ ಹೆಂಗಸರಲ್ಲಿ ಇಬ್ಬರನ್ನು ಮಾತಾಡಿಸಿದೆ. ಒಬ್ಬರ ಮನೆ ಹೆದ್ದಾರಿಯ ಹತ್ತಿರ. ಅವರಿಗೆ ಬಸ್ಸು ವರವಾಗಿದೆ. ಬೆಲೆ ಸಿಗದ ದಿನ ಹಣ್ಣನ್ನು ಅಗ್ಗಕ್ಕೆ ಕೊಟ್ಟುಬಿಡುವ ಬದಲು ಕಾರವಾರದ ಭಾನುವಾರದ ಸಂತೆಯವರೆಗೂ ಹೋಗುತ್ತಾರೆ. ಇನ್ನೊಬ್ಬರ ಮನೆ ಗುಡ್ಡದ ಬದಿಗೆ. "ನಮ್ ಬದಿಗೆ ಬಸ್ಸೇ ಇಲ್ಯೆ. ಫ್ರೀ ಆದ್ರೆಂತಾ, ದುಡ್ಡಾದ್ರೆಂತಾ?" ಎಂದರು ಅವರು. ಡಾಂಬರು ರಸ್ತೆಯವರೆಗೆ ತಲೆಹೊರೆಯಲ್ಲಿ ನಡೆದು, ಅಲ್ಲಿಂದ ನಾಲ್ಕೈದು ಮಂದಿ ಸೇರಿ ರಿಕ್ಷಾ ಮಾಡಿ ಬರುತ್ತಾರೆ. ರಿಕ್ಷಾದವರಿಗೆ ಪೂರ್ತಿ ಹಣ ಕೊಡಬೇಕು.

ಈ ಅಂಕೋಲಾ ಸಾಧಾರಣ ಊರಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಇಲ್ಲಿ ಉಪ್ಪಿನ ಕಾಯಿದೆ ಮುರಿದಾಗ ಜನ ಸಾಗರದಂತೆ ಸೇರಿದ್ದರು. ಕರ್ನಾಟಕದ ಬಾರ್ಡೋಲಿ ಎಂದು ಊರಿಗೆ ಹೆಸರಾಯಿತು. ಉಪ್ಪಿನ ತೆರಿಗೆಯನ್ನು ಜನ ಅಷ್ಟು ದ್ವೇಷಿಸಿದ್ದೇಕೆ? ಜಮೀನ್ದಾರನೂ ಕೂಲಿಯವನೂ ಒಂದೇ ದರ ಕೊಡಬೇಕಿತ್ತು, ಇಬ್ಬರಿಗೂ ಉಪ್ಪು ಬಿಟ್ಟು ಗತಿಯಿರಲಿಲ್ಲ. ಬಸ್ಸಿನ ದರವೂ ಹೀಗೆಯೇ. ದರ ಎಲ್ಲರಿಗೂ ಒಂದೇ, ಭಾರ ಮಾತ್ರ ಒಂದೇ ಅಲ್ಲ. ಕಾರಿರುವವರು ಬಸ್ಸಿಗೆ ಬರುವುದಿಲ್ಲ. ಬೇರೆ ದಾರಿ ಇಲ್ಲದವರೇ ಬರುತ್ತಾರೆ.

ಮೀನಿನ ಬುಟ್ಟಿ ಮತ್ತು ಗಡಿ

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಮತ್ತೊಂದು ಸಂಗತಿ ತಿಳಿಯಿತು. ಬೈತಖೋಲ್‌ನಲ್ಲಿ ಮೀನು ಹಿಡಿದುಕೊಂಡು ಊರೂರಿಗೆ ಮಾರಲು ಹೋಗುವ ಹೆಂಗಸರು ಬಸ್ಸು ಹತ್ತುವುದು ಕಡಿಮೆ. ನೀರು ಸೋರುವ ಬುಟ್ಟಿಗೆ ಉಳಿದ ಪ್ರಯಾಣಿಕರು ಮೂಗು ಮುಚ್ಚುತ್ತಾರೆ. ಆದ್ದರಿಂದ ಹಲವರು ಸೇರಿ ಟೆಂಪೋ ಮಾಡಿಕೊಳ್ಳುತ್ತಾರೆ. ಸಂಜೆ ಬುಟ್ಟಿ ಖಾಲಿಯಾದ ಮೇಲೆ ಬಸ್ಸಿನಲ್ಲಿ ಮರಳುತ್ತಾರೆ. ಅಂದರೆ ಅವರ ಪಾಲಿಗೆ ಯೋಜನೆ ಅರ್ಧ ದಾರಿಯದು.

ಕಾಳಿ ನದಿಯ ಆಚೆ ಸದಾಶಿವಗಡ, ಅದರಾಚೆ ಮಾಜಾಳಿ, ಮತ್ತೆ ಗೋವಾ. ಕಾರವಾರ, ಅಂಕೋಲಾ ತಾಲೂಕುಗಳ ಅನೇಕರಿಗೆ ಅನ್ನ ಸಿಗುವುದು ಗೋವಾದ ಹೋಟೆಲು, ಕಾರ್ಖಾನೆ, ಮನೆಗಳಲ್ಲಿ. ದೊಡ್ಡ ಕಾಯಿಲೆಗೂ ಜನ ಮಣಿಪಾಲಕ್ಕೋ ಗೋವಾದ ಬಾಂಬೋಲಿಮ್ ಆಸ್ಪತ್ರೆಗೋ ಓಡುತ್ತಾರೆ. ಗೋವಾದ ಕದಂಬ ಬಸ್ಸಿನಲ್ಲಿ ಕರ್ನಾಟಕದ ಶೂನ್ಯ ಟಿಕೆಟ್ ನಡೆಯುವುದಿಲ್ಲ. ಇನ್ನೊಂದೆಡೆ, ಹೊರರಾಜ್ಯಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿಲ್ಲ. ಅವರು ಕಾರವಾರದ ಬಿಸಿಲಿನಲ್ಲಿ ಕಲ್ಲು ಹೊತ್ತರೂ ಬಸ್ಸಿಗೆ ಹಣ ಕೊಡಲೇಬೇಕು.

ಈ ಹೆದ್ದಾರಿಯೂ ನಂಬಿಕೆಯ ಹೆದ್ದಾರಿಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯ ಕುಟುಂಬವನ್ನೇ ಗಂಗಾವಳಿಗೆ ತಳ್ಳಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ರಕ್ಷಿಸಿದರು. ರಸ್ತೆ ಮುಚ್ಚಿದಾಗ ಸ್ವಂತ ವಾಹನವಿದ್ದವರು ಸುತ್ತುದಾರಿ ಹಿಡಿಯುತ್ತಾರೆ. ಬಸ್ಸನ್ನೇ ನಂಬಿದವರು ಮನೆಯಲ್ಲಿ ಉಳಿಯುತ್ತಾರೆ, ಆ ದಿನದ ಕೂಲಿಯೂ ಹೋಗುತ್ತದೆ.

ಯಂತ್ರ ಎಣಿಸದ ಪ್ರಯಾಣಗಳು

ಇಲ್ಲಿ ನನ್ನ ಮನಸ್ಸಿಗೆ ಬಂದ ಮುಖ್ಯ ವಿಚಾರವನ್ನು ಹೇಳುತ್ತೇನೆ. ಕಂಡಕ್ಟರ್ ಕೈಯ ಯಂತ್ರ ಬಸ್ಸು ಹತ್ತಿದವರನ್ನು ಎಣಿಸುತ್ತದೆ. 500 ಕೋಟಿ ಎಂಬ ಸಂಖ್ಯೆ ಬಂದದ್ದು ಹಾಗೆ. ಆದರೆ ಗುಡ್ಡದ ಬದಿಯ ಆ ಹೆಂಗಸನ್ನು, ಬುಟ್ಟಿ ಹಿಡಿದು ಟೆಂಪೋಕ್ಕೆ ಕಾಯುವವಳನ್ನು, ಬಸ್ಸಿಗೆ ಹಣ ಹೊಂದದೆ ಮನೆಯಲ್ಲೇ ಉಳಿದ ಬಡ ಮುದುಕನನ್ನು ಯಾವ ಯಂತ್ರವೂ ಎಣಿಸುವುದಿಲ್ಲ. ಆಸ್ಪತ್ರೆಗೆ ಹೋಗಬೇಕಿತ್ತು, ಹೋಗಲಿಲ್ಲ. ಪಿಂಚಣಿಯ ಕಚೇರಿಗೆ ಹೋಗಬೇಕಿತ್ತು, ಮುಂದಿನ ತಿಂಗಳಿಗೆ ಹಾಕಿದೆ. ಇಂತಹ ನಡೆಯದ ಪ್ರಯಾಣಗಳ ಲೆಕ್ಕ ಬೇಕಿದ್ದರೆ ಮನೆಬಾಗಿಲಿಗೆ ಹೋಗಿ ಕೇಳಬೇಕು.

ಕೇಳಿದವರಿದ್ದಾರೆ. ಅಮೆರಿಕದ ಬೋಸ್ಟನ್ ನಗರದಲ್ಲಿ ಎಂ.ಐ.ಟಿ. ವಿಶ್ವವಿದ್ಯಾಲಯದ ಸಂಶೋಧಕರು ಕಡಿಮೆ ಆದಾಯದ ಒಂದಷ್ಟು ಜನರನ್ನು ಆರಿಸಿ, ಅವರಲ್ಲಿ ಕೆಲವರಿಗೆ ಅರ್ಧ ದರದ ಕಾರ್ಡು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಎಲ್ಲಿಗೆ ಹೋದಿರಿ, ಯಾಕೆ ಹೋದಿರಿ ಎಂದು ಮೊಬೈಲ್ ಸಂದೇಶದ ಮೂಲಕ ವಿಚಾರಿಸುತ್ತ ಬಂದರು. 2019ರಲ್ಲಿ ಫಲಿತಾಂಶ ಹೊರಬಂತು. ಅರ್ಧ ದರ ಪಡೆದವರು ಸುಮಾರು ಶೇಕಡಾ 30ರಷ್ಟು ಹೆಚ್ಚು ಪ್ರಯಾಣ ಮಾಡಿದ್ದರು. ಆಸ್ಪತ್ರೆಗೆ, ಸರಕಾರಿ ನೆರವಿನ ಕಚೇರಿಗಳಿಗೆ ಹೆಚ್ಚು ಬಾರಿ ಹೋಗಿದ್ದರು. ಶ್ರೀಮಂತ ದೇಶದಲ್ಲೂ ಬಡವರು ಟಿಕೆಟ್ ದರಕ್ಕೆ ಹೆದರಿ ವೈದ್ಯರ ಬಳಿ ಹೋಗದೆ ಉಳಿಯುತ್ತಿದ್ದರು ಎಂದು ಇದರಿಂದ ತಿಳಿಯಿತು. ಅಲ್ಲಿಯ ಸಾರಿಗೆ ಸಂಸ್ಥೆ ಕಡಿಮೆ ಆದಾಯದವರಿಗೆ ಅರ್ಧ ದರವನ್ನು ಜಾರಿಗೆ ತಂದದ್ದು 2024ರ ಸೆಪ್ಟೆಂಬರಿನಲ್ಲಿ. ಅಧ್ಯಯನದಿಂದ ಟಿಕೆಟ್‌ವರೆಗೆ ಐದು ವರ್ಷ ಹಿಡಿಯಿತು. ಅವರು ಮೊದಲು ಕೇಳಿದರು, ಆಮೇಲೆ ಕೊಟ್ಟರು. ನಾವು ಮೊದಲು ಕೊಟ್ಟೆವು. ಹಸಿದವರಿಗೆ ಮೊದಲು ಬಡಿಸಿದ್ದು ತಪ್ಪಲ್ಲ. ಬಡಿಸಿದ ಮೇಲಾದರೂ ಪಂಕ್ತಿಯಲ್ಲಿ ಯಾರಿಗೆ ಎಲೆ ಸಿಗಲಿಲ್ಲ ಎಂದು ನೋಡಬೇಕಲ್ಲವೇ?

ಕಾರವಾರ ಮತ್ತು ಅಂಕೋಲಾದಂತಹ ಎರಡು ತಾಲೂಕುಗಳಲ್ಲಿ ಇಂತಹ ವಿಚಾರಣೆ ನಡೆಸಲು ದೊಡ್ಡ ಮೊತ್ತ ಬೇಕಾಗದು. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಕಾಲೇಜಿನ ವಿದ್ಯಾರ್ಥಿನಿಯರು ಇದ್ದಾರೆ. ಅವರ ಶ್ರಮಕ್ಕೆ ತಕ್ಕ ಹಣವನ್ನು ಸರಕಾರವೋ ಜಿಲ್ಲಾ ಪಂಚಾಯತ್ತೋ ಒದಗಿಸಬೇಕು. ನಿಮ್ಮ ಮನೆಯಿಂದ ಬಸ್ಸಿಗೆ ಎಷ್ಟು ನಡೆಯಬೇಕು? ಕಳೆದ ತಿಂಗಳು ಹೋಗಬೇಕೆಂದುಕೊಂಡು ಹೋಗದೆ ಬಿಟ್ಟದ್ದು ಎಲ್ಲಿಗೆ? ಮನೆಯ ಗಂಡಸರ ಬಸ್ಸಿನ ಖರ್ಚು ತಿಂಗಳಿಗೆಷ್ಟು? ಈ ಮೂರು ಪ್ರಶ್ನೆಗಳ ಉತ್ತರ ಸಿಕ್ಕಿದರೆ, ಎಲ್ಲಿಗೆ ಇನ್ನೊಂದು ಬಸ್ಸು ಬೇಕು, ಯಾವ ಬಡ ಗಂಡಸರಿಗೆ ಪಡಿತರ ಚೀಟಿಯ ಆಧಾರದಲ್ಲಾದರೂ ಅರ್ಧ ದರ ಕೊಡಬಹುದು, ಮೀನು ಮಾರುವವರಿಗೆ ಬೆಳಿಗ್ಗೆ ಬುಟ್ಟಿಗೆ ಜಾಗವಿರುವ ಒಂದು ಬಸ್ಸು ಬಿಡಬಹುದೇ ಎಂಬುದು ತಾನಾಗಿ ತಿಳಿಯುತ್ತದೆ. ಪಡಿತರ ಚೀಟಿ ಬಡವರ ಮನೆಯಲ್ಲಿ ಈಗಾಗಲೇ ಇದೆ. ಹೊಸ ಪ್ರಮಾಣಪತ್ರಕ್ಕಾಗಿ ಯಾರ ಬಾಗಿಲನ್ನೂ ಕಾಯಬೇಕಾಗಿಲ್ಲ.

ನಾವು ಮಾಡಬಹುದಾದದ್ದು

ಸಹೋದರಿಯರೇ, ಬಸ್ಸಿನ ವಿಷಯ ಮನೆಯ ಗಂಡಸರದೆಂದು ನಾವು ಬಹಳ ಕಾಲ ಅಂದುಕೊಂಡಿದ್ದೆವು. ಈಗ ಆ ಬಸ್ಸಿನ ದೊಡ್ಡ ಪ್ರಯಾಣಿಕರು ನಾವೇ. ಹಾಗಾಗಿ ಕೆಲವು ಹೊಣೆಗಳೂ ನಮ್ಮವಾಗಿವೆ. ಶೂನ್ಯ ಟಿಕೆಟ್ಟನ್ನು ಕೇಳಿ ಪಡೆಯೋಣ. ಶಕ್ತಿ ಬಂದಾಗ ಬೆಂಗಳೂರಿನ ನಗರ ಬಸ್ಸುಗಳನ್ನು ಬಿಟ್ಟು ಉಳಿದ ಬಸ್ಸುಗಳಲ್ಲಿ ಅರ್ಧ ಆಸನಗಳನ್ನು ಗಂಡಸರಿಗೆಂದು ಇಟ್ಟಿದ್ದಾರೆ; ಹಣ ಕೊಟ್ಟು ಬಂದ ಕೂಲಿಯವರು, ಮುದುಕರು ಅಲ್ಲಿ ಕೂರಲಿ. 'ಫ್ರೀ ಹೆಂಗಸರು' ಎಂಬ ಮಾತು ಕಿವಿಗೆ ಬಿದ್ದರೆ ತಲೆ ತಗ್ಗಿಸಬೇಕಾಗಿಲ್ಲ. ನಾವು ಕೊಳ್ಳುವ ಸಾಬೂನು, ಎಣ್ಣೆ, ಬೆಂಕಿಪೆಟ್ಟಿಗೆಯ ಮೇಲೆ ಕೊಟ್ಟ ತೆರಿಗೆಯೂ ಆ ಬಸ್ಸಿನ ಡೀಸೆಲಿನಲ್ಲಿದೆ.

ಗ್ರಾಮಸಭೆಗೆ ಹೋಗುವವರು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ನಮ್ಮ ಕೇರಿಗೆ ಯಾವ ಹೊತ್ತಿಗೆ ಬಸ್ಸಿಲ್ಲ, ಅದರಿಂದ ಯಾರ ಯಾವ ಕೆಲಸ ನಿಂತಿದೆ. ಬಾಯಿಮಾತಿನ ದೂರು ಸಭೆಯೊಂದಿಗೇ ಮುಗಿಯುತ್ತದೆ. ಬರೆದು ಕೊಟ್ಟದ್ದಕ್ಕೆ ಉತ್ತರ ಬರೆಯಬೇಕಾಗುತ್ತದೆ. ನೆರೆಮನೆಯಲ್ಲಿ ಗುರುತಿನ ಚೀಟಿಯ ವಿಳಾಸ ಬದಲಾಗದೆ ಹಣ ಕೊಟ್ಟು ಓಡಾಡುವ ಸೊಸೆಯೋ ವಿಧವೆಯೋ ಇದ್ದರೆ ಅದನ್ನು ಸರಿಪಡಿಸಲು ಓದು ಬಲ್ಲ ನಮ್ಮ ಹೆಣ್ಣುಮಕ್ಕಳು ನೆರವಾಗಲಿ.

ಉತ್ತರ ಕನ್ನಡದ ಆ ದಾರಿಯಲ್ಲಿ ಈಗಲೂ ಪ್ರತಿ ಬೆಳಿಗ್ಗೆ ಬುಟ್ಟಿ, ಟಿಫಿನ್ ಡಬ್ಬಿ, ಆಸ್ಪತ್ರೆಯ ಚೀಟಿ, ಪುಸ್ತಕದ ಚೀಲ ಹಿಡಿದ ಹೆಂಗಸರು ಬಸ್ಸಿಗೆ ಕೈ ತೋರಿಸುತ್ತಾರೆ. ಅವರಲ್ಲಿ ಬಹಳ ಮಂದಿಗೆ ಬಸ್ಸು ನಿಲ್ಲುತ್ತದೆ, ಹಣ ಕೇಳುವುದಿಲ್ಲ. ಗುಡ್ಡದ ಬದಿಯ ಆ ಕೇರಿಗೂ ಒಂದು ಬಸ್ಸು ಹೋಗುವಂತಾಗಲಿ, ಗಾರೆ ಕೆಲಸದ ಆ ಮನುಷ್ಯನ ಮಡಚಿದ ನೋಟಿನಲ್ಲೂ ಅರ್ಧ ಉಳಿಯುವಂತಾಗಲಿ.